ಮಡಿಲಕ್ಕಿ ತಂದ ಗಾಡಿ

ಗಾಡಿ ಕೊಳ್ಳಲು ಹೋದ ದಿನ ಆ ಅಂಗಳದಲ್ಲಿದ್ದದ್ದು ನಾನು, ನನ್ನ ಹೆಂಡತಿ, ಗಾಡಿಯ ಯಜಮಾನರು ಮತ್ತು ಅವರ ತಾಯಿ. ಅನ್ನಪೂರ್ಣೇಶ್ವರಿ ನಗರದ ಸೈಟು, ಅಪಾರ್ಟ್‌ಮೆಂಟುಗಳ ನಡುವೆ ಹಳೆಯ ಊರಿನದೊಂದು ತುಣುಕು ಉಳಿದುಕೊಂಡಿದೆ. ಅಲ್ಲಿಯ ಮನೆ ಅವರದು. ಹೊಲವೆಲ್ಲ ಬಡಾವಣೆಯಾಗಿ, ಈಗ ಬಾಡಿಗೆ ಮನೆಗಳ ಮೇಲೆ ನೆಮ್ಮದಿಯಾಗಿದ್ದಾರೆ. ಅಂಗಳದ ಮೂಲೆಯ ಶೆಡ್ಡಿನಲ್ಲಿ ಪಿಕಪ್ ನಿಂತಿತ್ತು. ಒಂದು ಕಾಲದಲ್ಲಿ ಸೊಪ್ಪು, ಕೋಸು ಹೇರಿಕೊಂಡು ಮಾರ್ಕೆಟ್ಟಿಗೆ ಓಡುತ್ತಿದ್ದ ಗಾಡಿ. ನೀಲಿ ಬಣ್ಣ ಬಿಸಿಲಿಗೆ ಬಿಳಿಚಿಕೊಂಡು, ಬಾಗಿಲುಗಳ ಕೆಳಗಂಚು ತುಕ್ಕು ಹಿಡಿದು, ಬೆರಳಿಟ್ಟರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಆದರೂ ಯಜಮಾನರು ಕೀಲಿ ತಿರುಗಿಸಿದಾಗ ಒಂದಷ್ಟು ಕೆಮ್ಮಿ ಸ್ಟಾರ್ಟ್ ಆಯಿತು.

ಶೆಡ್ಡು ಒಡೆದು ಇನ್ನೊಂದು ಬಾಡಿಗೆ ಕಟ್ಟಡ ಎಬ್ಬಿಸುವ ಯೋಚನೆ ಅವರದು. ಗುಜರಿಯವರು ಬಂದು ನನಗಿಂತ ಹೆಚ್ಚಿನ ಬೆಲೆಯನ್ನೇ ಹೇಳಿ ಹೋಗಿದ್ದರಂತೆ. ತಾಯಿ ಒಪ್ಪಿರಲಿಲ್ಲ.

“ಅವ್ರು ಕೈಕಾಲು ಬೇರೆ ಮಾಡಿ ಮಾರ್ಕೋತಾರೆ. ನಮ್ಮೆಜಮಾನ್ರು ತಂದ ಗಾಡಿ ಸ್ವಾಮಿ ಇದು. ಹೆಣ್ಮಕ್ಕಳ ಮದುವೆ ಮಾಡಿದ್ದು, ಇವನನ್ನ ಓದಿಸಿದ್ದು, ಎಲ್ಲಾ ಇದೇ. ನೀವೇನ್ ಮಾಡ್ತೀರಾ ಇದನ್ನ?”

“ರಿಪೇರಿ ಮಾಡ್ಕೊಂಡು ಓಡಿಸ್ತೀನಿ ಅಮ್ಮ. ಹೊಸದು ಮಾಡಿಬಿಡ್ತೀನಿ ನೋಡಿ.”

“ಬಿಡಿಬಿಡಿ ಮಾಡಿ ಮೂಲೇಗೆ ಹಾಕಲ್ಲ ತಾನೆ?”

“ಛೇ, ಇಲ್ಲಮ್ಮ.”

“ಹಂಗಾದ್ರೆ ಆಯುಧಪೂಜೆಗೆ ಇಲ್ಲಿಗೆ ಓಡಿಸ್ಕೊಂಡು ಬನ್ನಿ. ನಿಂಬೆಹಣ್ಣಿನ ಮೇಲೆ ಹತ್ತಿಸೋದನ್ನ ನಾನು ಕಣ್ಣಾರೆ ನೋಡ್ಬೇಕು.”

ಬರುತ್ತೇನೆ ಎಂದೆ. ಅವರು ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು, ಎಲೆಯಡಿಕೆ, ಹಸಿರು ಬಳೆ, ಒಂದು ರವಿಕೆ ಕಣ ಇಟ್ಟುಕೊಂಡು ಬಂದರು. ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಮಡಿಲಕ್ಕಿ. ಸ್ಟೇರಿಂಗಿನ ನಡುವೆ ಕುಂಕುಮ ಹಚ್ಚಿದರು. ಅಲ್ಲಿ ಎಷ್ಟೋ ವರ್ಷಗಳ ಕುಂಕುಮ ಕೂತು ಕಪ್ಪಗಾದ ಕಲೆ ಆಗಲೇ ಇತ್ತು.

“ಅವ್ವ, ಸಾಕು ಬಿಡವ್ವ, ಜನ ನಗ್ತಾರೆ,” ಎಂದರು ಮಗ.

“ನಗ್ಲಿ ಬಿಡೋ. ಇದಕ್ಕೆ ಮಡಿಲು ಎಲ್ಲಿದೆ? ಅಮ್ಮಣ್ಣಿ, ನೀನೇ ಸೆರಗು ಒಡ್ಡು,” ಎಂದು ನನ್ನ ಹೆಂಡತಿಯ ಕಡೆ ತಿರುಗಿದರು.

ಅವಳು ಸೆರಗೊಡ್ಡಿದಳು. “ಅಂದ್ರೆ ನಾನೀಗ ಅತ್ತೆ ಆದ್ನಾ?”

“ಆದೆ ಕಣವ್ವ. ಸೊಸೆ ಮೇಲೆ ಜೋರು ಮಾಡ್ಬೇಡ.” ಆಮೇಲೆ ನನ್ನನ್ನು ನೋಡಿ, “ಹೋಗ್ಬನ್ನಿ ಬೀಗರೇ,” ಎಂದರು.

ನಾನು ಮನಸಾರೆ ನಕ್ಕೆ. ದಾರಿಯುದ್ದಕ್ಕೂ ಗಾಡಿ ಗಡಗಡ ಅನ್ನುತ್ತಿತ್ತು. ಮಡಿಲಕ್ಕಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಹೆಂಡತಿ ನಗಲಿಲ್ಲ. “ರೀ, ಆಯಮ್ಮ ತಮಾಷೆ ಮಾಡ್ತಿಲ್ಲ,” ಎಂದಳು. ಅಂದೇ ಆ ಅಕ್ಕಿ ಬೆಲ್ಲದಲ್ಲಿ ಪಾಯಸ ಮಾಡಿದಳು. ನಾನು ಎರಡನೆಯ ಸಲ ಹಾಕಿಸಿಕೊಂಡು ಉಂಡೆ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ನನ್ನದು ಸ್ಟೋರ್ಸಿನ ಕೆಲಸ. ಬೇರಿಂಗು, ಬೋಲ್ಟು, ಗ್ಯಾಸ್ಕೆಟ್ಟು ಎಲ್ಲವನ್ನೂ ಕಿಟಕಿಯಿಂದ ಎತ್ತಿಕೊಡುವುದು, ಜೋಡಿಸುವವರು ಬೇರೆಯವರು. ಒಂದನ್ನಾದರೂ ನನ್ನ ಕೈಯಿಂದ ಕೂರಿಸಿ, ಅದು ಓಡುವುದನ್ನು ನೋಡಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಫೋನಿನಲ್ಲಿ ಹಳೆಯ ಕಾರುಗಳನ್ನು ಫಳಫಳ ಮಾಡುವವರನ್ನು ನೋಡಿ ನೋಡಿ ಕೈ ತುರಿಸುತ್ತಿತ್ತು. ಅಂಥ ಕಾರು ನಮ್ಮಂಥವರಿಗೆ ಎಟುಕುವುದಿಲ್ಲ. ಎಟುಕಿದ್ದು ಈ ಪಿಕಪ್.

ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ, ಮನೆಯ ಮುಂದೆಯೇ ಅದನ್ನು ನಿಲ್ಲಿಸಿ, ಭಾನುವಾರಗಳಂದು ಕೆಲಸ ಹಿಡಿದೆ. ಬಿಚ್ಚದೆ ಸರಿಮಾಡುವುದು ಹೇಗೆ? ಆಯಮ್ಮ ಹೇಳಿದ್ದು ಗುಜರಿಯವರ ಬಿಚ್ಚಾಟಕ್ಕೆ, ನನ್ನಂಥವನು ಬಿಚ್ಚುವುದಕ್ಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಾಗಿಲುಗಳು ಮಹಡಿಯ ನೀರಿನ ಟ್ಯಾಂಕಿಗೆ ಒರಗಿದವು. ಸೀಟು ಮೆಟ್ಟಿಲ ಕೆಳಗೆ ಸೇರಿತು. ರೇಡಿಯೇಟರ್ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತಿತು. ನಟ್ಟು ಬೋಲ್ಟುಗಳನ್ನು ಖಾಲಿ ಬಾಟಲಿಗಳಿಗೆ ತುಂಬಿದೆ. ನೀಲಿ ಬಣ್ಣವನ್ನು ಕೆರೆದು ಕೆರೆದು ತಗಡು ಬೂದಿಬಣ್ಣಕ್ಕೆ ತಿರುಗಿತು. ಆ ದಿನಗಳಲ್ಲಿ ಮೈಯೆಲ್ಲ ಗ್ರೀಸು ಬಳಿದುಕೊಂಡು ಬೀದಿಯಲ್ಲಿ ನಿಲ್ಲುವುದೇ ಒಂದು ಹೆಮ್ಮೆ.

ಎದುರಿನ ಟೀ ಅಂಗಡಿಯವನು ಕೇಳಿದ: “ಬಿಚ್ಚೋದ್ರಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ ಸಾರ್. ಕೂರಿಸೋ ಕ್ಲಾಸು ಯಾವಾಗ ಶುರು?”

ಆ ಕ್ಲಾಸು ಶುರುವಾಗಲೇ ಇಲ್ಲ. ಟಿಂಕರಿಂಗಿನವನು ಬರುತ್ತೇನೆಂದು ಬರಲಿಲ್ಲ, ಮಳೆ ಹಿಡಿಯಿತು, ಕಾರ್ಖಾನೆಯಲ್ಲಿ ಕೆಲಸ ಹೆಚ್ಚಾಯಿತು. ಕೇಳಿದವರಿಗೆಲ್ಲ ಇವನ್ನೇ ಹೇಳಿದೆ. ನಿಜವೇನೆಂದರೆ, ಒಂದು ಭಾನುವಾರ ಬಾಟಲಿಗಳನ್ನು ಮುಂದಿಟ್ಟುಕೊಂಡು ಕೂತಾಗ, ಯಾವುದು ಎಲ್ಲಿಯದೆಂದು ನನಗೆ ಗೊತ್ತಾಗಲಿಲ್ಲ. ಹೆದರಿಕೆಯಾಯಿತು. ಮೇಲೊಂದು ಟಾರ್ಪಾಲು ಎಳೆದು ಒಳಗೆ ಹೋಗಿ ಮಲಗಿದೆ. ಮುಂದಿನ ಭಾನುವಾರವೂ ಮಲಗಿದೆ.

ಬೀದಿ ಇಂಥದ್ದನ್ನು ಬಹಳ ಬೇಗ ಅರ್ಥ ಮಾಡಿಕೊಳ್ಳುತ್ತದೆ. ಯಾರೋ ಗಾಡಿಯ ಹಿಂಬದಿಯ ತೊಟ್ಟಿಗೆ ಒಂದು ಎಳನೀರು ಬುರುಡೆ ಎಸೆದರು. ಅದರ ಜೊತೆಗೆ ಇನ್ನಷ್ಟು ಬುರುಡೆ ಬಂದವು, ಕಟ್ಟಿದ ಕಸದ ಕವರು ಬಂದವು, ಹರಿದ ದಿಂಬು ಬಂತು. ಬೆಳಿಗ್ಗೆ ತೆಗೆದರೆ ಸಂಜೆಗೆ ಮತ್ತೆ ತುಂಬುತ್ತಿತ್ತು. ಕೊನೆಗೆ ತೆಗೆಯುವುದನ್ನೂ ಬಿಟ್ಟೆ. ಬಸ್ಸಿಳಿದು ಮನೆಗೆ ಬರುವಾಗ ಟೀ ಅಂಗಡಿಯ ಕಡೆಯಿಂದ ಬಾರದೆ, ಸುತ್ತು ಹಾಕಿ ಬೀದಿಯ ಇನ್ನೊಂದು ತುದಿಯಿಂದ ಬರತೊಡಗಿದೆ.

ಈ ನಡುವೆ ಆಯಮ್ಮ ಮಗನ ಫೋನಿನಿಂದ ಆಗಾಗ ಮಾತಾಡಿಸುತ್ತಿದ್ದರು.

“ಬೀಗರೇ, ನಮ್ಮ ಹುಡುಗಿ ಹೆಂಗವ್ಳೆ?”

“ಚೆನ್ನಾಗಿದಾಳೆ ಅಮ್ಮ.”

“ಓಡಾಡ್ಕೊಂಡವ್ಳಾ?”

“ಓ, ಹೋದ ವಾರ ಮಾಗಡಿ ರೋಡಿನ ತನಕ ಹೋಗ್ಬಂದ್ವಿ.”

ಫೋನು ಇಟ್ಟಾಗ ಹೆಂಡತಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಆ ಸುಳ್ಳನ್ನು ಅವಳು ಕೇಳಿಸಿಕೊಂಡಳಲ್ಲ ಎಂದು ನಾಚಿಕೆಯಾಗುತ್ತಿತ್ತು. ಸುಳ್ಳು ಹೇಳಿದ್ದಕ್ಕೆ ಆಗ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆಯುಧಪೂಜೆ ಹತ್ತಿರ ಬಂತು. ಹಬ್ಬದ ಹೊತ್ತಿಗೆ ಯಾವ ಗ್ಯಾರೇಜಿನವರೂ ಹೊಸ ಕೆಲಸ ಹಿಡಿಯುವುದಿಲ್ಲ. ಬಣ್ಣಕ್ಕೆ ಕೊಟ್ಟಿದ್ದೇನೆ, ಇನ್ನೂ ಸಿಕ್ಕಿಲ್ಲ ಎಂದು ಫೋನಿನಲ್ಲಿ ಹೇಳಿ ಮುಗಿಸಿದರಾಯಿತು ಎಂದುಕೊಂಡಿದ್ದೆ. ಹಿರಿಯರ ಕೈಕೆಳಗೆ ಬೆಳೆದವನಾದರೂ ಒಂದು ವಿಷಯವನ್ನು ಮರೆತೇಬಿಟ್ಟಿದ್ದೆ. ಮಗಳನ್ನು ಹಬ್ಬಕ್ಕೆ ಫೋನಿನಲ್ಲಿ ಕರೆಯುವುದಿಲ್ಲ. ಬೀಗರ ಮನೆಗೆ ಬಂದು, ಕುಂಕುಮ ಕೊಟ್ಟು ಕರೆಯುತ್ತಾರೆ.

ಒಂದು ಬೆಳಿಗ್ಗೆ ಅವರ ಕಾರು ನಮ್ಮ ಬೀದಿಯಲ್ಲಿ ನಿಂತಿತು. ಆಯಮ್ಮ ಇಳಿದು, ಟಾರ್ಪಾಲಿನ ಗುಡ್ಡೆಯ ಪಕ್ಕದಲ್ಲೇ ಮೂಗಿಗೆ ಸೆರಗು ಹಿಡಿದು ಹಾದು, ಮನೆಯೊಳಗೆ ಬಂದರು. ಮಗ ಕಾರಿನ ಹತ್ತಿರವೇ ಉಳಿದರು. ಹೂವು, ಹಣ್ಣು, ಕುಂಕುಮದ ಭರಣಿ ಎಲ್ಲವೂ ಅವರ ಚೀಲದಿಂದ ಹೊರಬಂದವು. ಕೊನೆಗೆ ಬಣ್ಣದ ಉಲ್ಲನ್ನಿನಲ್ಲಿ ಹೆಣೆದ ಒಂದು ತೋರಣ.

“ಮುಂದಿನ ಗಾಜಿಗೆ ಕಟ್ಟೋಕೆ. ನಾನೇ ಹಾಕಿದ್ದು. ಎಲ್ಲವ್ಳೆ ಹುಡುಗಿ? ಕುಂಕುಮ ಇಟ್ಟು ಕರೀಬೇಕು.”

“ಬಣ್ಣಕ್ಕೆ ಹೋಗಿದೆ ಅಮ್ಮ. ಗ್ಯಾರೇಜಿನಲ್ಲಿದೆ.”

“ಅಯ್ಯೋ, ಸಿಂಗಾರ ಮಾಡ್ಕೋತಾವ್ಳಾ? ಮಾಡ್ಕೊಳ್ಲಿ, ಮಾಡ್ಕೊಳ್ಲಿ.” ಕಾಫಿ ಒಂದು ಗುಟುಕು ಕುಡಿದು ಮತ್ತೆ ಹೇಳಿದರು: “ಅಲ್ಲ ಬೀಗರೇ, ಬಾಗಿಲ ಮುಂದೆನೇ ಯಾರೋ ಕಸದ ಗಾಡಿ ತಂದು ನಿಲ್ಲಿಸವ್ರಲ್ಲ. ಕಾರ್ಪೊರೇಷನ್‌ನವ್ರಿಗೆ ಹೇಳಬಾರ್ದಾ? ನೀವು ಸಂಭಾವಿತರು, ಅದಕ್ಕೇ ಹಿಂಗ್ ಮಾಡ್ತಾರೆ.”

“ಹೂಂ, ಹೇಳ್ಬೇಕು,” ಎಂದೆ. ತೋರಣ ನನ್ನ ಕೈಯಲ್ಲೇ ಇತ್ತು. ಹೆಂಡತಿ ಎದ್ದು ಅಡುಗೆಮನೆಗೆ ಹೋದಳು.

ಅಷ್ಟರಲ್ಲಿ ಹೊರಗೆ ಧಡ್ ಧಡ್ ಎಂದು ಏನೋ ಬೀಳುವ ಸದ್ದು. ಮೂವರೂ ಹೊರಗೆ ಬಂದೆವು. ಮಗ ಟಾರ್ಪಾಲು ಸರಿಸಿ, ಪಂಚೆ ಎತ್ತಿ ಕಟ್ಟಿ, ತೊಟ್ಟಿಯೊಳಗೆ ನಿಂತು ಎಳನೀರು ಬುರುಡೆಗಳನ್ನು ಒಂದೊಂದಾಗಿ ಕೆಳಗೆ ಹಾಕುತ್ತಿದ್ದರು. ಟೀ ಅಂಗಡಿಯವರೆಲ್ಲ ನೋಡುತ್ತಿದ್ದರು.

“ಏನೋ ಅದು? ಬೇರೆಯವ್ರ ಗಾಡಿಯೊಳಗೆ ನಿಂಗೇನೋ ಕೆಲಸ? ಇಳಿಯೋ.”

ಮಗ ನನ್ನ ಕಡೆ ನೋಡಲಿಲ್ಲ. “ಬೇರೆಯವ್ರದ್ದಲ್ಲ ಕಣವ್ವ,” ಎಂದರು.

ಆಯಮ್ಮ ಹತ್ತಿರ ಹೋದರು. ಬಾಗಿಲಿಲ್ಲದ ಕಡೆಯಿಂದ ತಲೆ ಒಳಗೆ ಹಾಕಿ, ಸ್ಟೇರಿಂಗಿನ ನಡುವಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. ಕಪ್ಪಗಾದ ಕುಂಕುಮದ ಕಲೆ ಕಾಣಿಸಿತು. ಬೆರಳನ್ನು ಅಲ್ಲಿಂದ ತೆಗೆಯದೆ ಹಾಗೇ ನಿಂತರು. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೇನೋ.

“ತಪ್ಪಾಯ್ತು ಅಮ್ಮ,” ಎಂದೆ.

ಅವರು ನನ್ನ ಹೆಂಡತಿಯನ್ನು ಕೇಳಿದರು: “ಅಮ್ಮಣ್ಣಿ, ಮಡಿಲಕ್ಕಿ ಏನ್ ಮಾಡ್ದೆ?”

“ಪಾಯಸ ಮಾಡಿದ್ದೆ ಅಮ್ಮ. ಅವತ್ತೇ.”

“ಉಂಡ್ರಾ?”

“ಉಂಡ್ವಿ.”

ಆಯಮ್ಮ ಒಳಗಿನಿಂದ ಚೀಲ ತರಿಸಿಕೊಂಡು, ಭರಣಿ ತೆರೆದು ಸ್ಟೇರಿಂಗಿಗೆ ಕುಂಕುಮ ಇಟ್ಟರು. “ಹಬ್ಬಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಬಂದೆ, ಕರ್ಕೊಂಡೇ ಹೋಗ್ತೀನಿ. ಹುಷಾರಿಲ್ಲದ ಹೆಣ್ಣು ತವರಲ್ಲಿ ಸುಧಾರಿಸ್ಕೊಳ್ಲಿ,” ಎಂದರು. ಹೇಳಿದ್ದು ಮಗನಿಗೆ. ನನ್ನನ್ನು ಆ ದಿನ ಬೀಗರೇ ಎಂದು ಕರೆಯಲಿಲ್ಲ.

ಹಬ್ಬದ ಬೆಳಿಗ್ಗೆ ಮಗ ಟ್ರ್ಯಾಕ್ಟರ್ ತಂದು, ಗಟ್ಟಿ ಸಲಾಕೆಯಿಂದ ಪಿಕಪ್ಪನ್ನು ಅದಕ್ಕೆ ಬಿಗಿದರು. ಬಾಗಿಲು, ಸೀಟು, ರೇಡಿಯೇಟರುಗಳನ್ನು ತೊಟ್ಟಿಗೆ ಹೇರಿದೆವು. ಬಾಟಲಿಗಳನ್ನು ಹಿಡಿದುಕೊಂಡು ಹೆಂಡತಿ ಆಟೋದಲ್ಲಿ ಬಂದಳು. ಹಾಲಿನ ಕ್ರೇಟು ಮಗುಚಿ ಹಾಕಿಕೊಂಡು ನಾನು ಸ್ಟೇರಿಂಗ್ ಹಿಡಿದು ಕೂತೆ. ಚಂದ್ರಾ ಲೇಔಟಿನ ರಸ್ತೆಯ ಎರಡೂ ಕಡೆ ಬೂದುಗುಂಬಳ, ಬಾಳೆಕಂದು, ಚೆಂಡುಹೂವಿನ ರಾಶಿ. ತೊಳೆದು ಹಾರ ಹಾಕಿದ ಗಾಡಿಗಳ ನಡುವೆ ನಾನು ಕ್ರೇಟಿನ ಮೇಲೆ ಬರುತ್ತಿದ್ದೆ. ಮುಖ ಮುಚ್ಚಿಕೊಳ್ಳಲು ಬಾಗಿಲೂ ಇರಲಿಲ್ಲ.

ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ಬಗ್ಗಿ ನೋಡಿದ. “ಅಣ್ಣ, ಇದಕ್ಕೂ ಪೂಜೆನಾ?”

“ಹೂಂ,” ಎಂದೆ.

ಅವರ ಅಂಗಳ ತಲುಪಿದ ಮೇಲೆ ಆಯಮ್ಮ ಆರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ರೇಡಿಯೇಟರ್ ಬಿಚ್ಚಿದ ಎಂಜಿನ್ ಓಡುವಂತಿರಲಿಲ್ಲ. ಬಾಡಿಗೆಯವರು, ಮಗ, ಕ್ರೇಟಿನಿಂದ ಇಳಿದು ನಾನು, ಎಲ್ಲರೂ ಹಿಂದಿನಿಂದ ತಳ್ಳಿದೆವು. ಹಣ್ಣು ಒಡೆಯಿತು. ಆಯಮ್ಮ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡು, ಊಟಕ್ಕೆ ಏಳಿ ಎಂದು ಎಲ್ಲರಿಗೂ ಹೇಳಿದರು. ಎಲ್ಲರ ಜೊತೆ ನಾನೂ ಕೂತೆ. ಪಾಯಸ ಎರಡನೆಯ ಸಲ ಬಂದಾಗ ಎಲೆಗೆ ಕೈ ಅಡ್ಡ ಹಿಡಿದೆ.

ಅಲ್ಲಿಂದಾಚೆಗೆ ಭಾನುವಾರ ಬಸ್ಸು ಹಿಡಿದು ಅಲ್ಲಿಗೇ ಹೋಗುತ್ತೇನೆ. ಶೆಡ್ಡು ಒಡೆಯುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಮಗ ಹಿಡಿದುಕೊಂಡು ನಾನು ಬೋಲ್ಟು ಬಿಗಿದು ಎಡಗಡೆಯ ಬಾಗಿಲು ಕೂರಿಸಿದೆವು. ಆಯಮ್ಮ ಬಂದು ಅದನ್ನು ಒಂದು ಸಲ ತೆಗೆದರು, ಒಂದು ಸಲ ಹಾಕಿದರು. ಆಮೇಲೆ, “ಬೀಗರಿಗೆ ಕಾಫಿ ತರ್ತೀನಿ,” ಎಂದು ಒಳಗೆ ಹೋದರು.