ಫಾರ್ಡೌಳ ಜಾರುಬಂಡಿಯ ಹಿಡಿ

ನನ್ನ ಗಂಡ ವೀಬ್ರನ್ ಸೈಕಲ್ ರಿಪೇರಿಯವನು. ಮಾತು ಕಡಿಮೆ, ಹಟ ಜಾಸ್ತಿ. ಯಾರಿಗಾದರೂ ಬ್ರೇಕು ಎಟುಕದಿದ್ದರೆ, ಮೊಣಕಾಲು ಮಡಚಲು ಬರದಿದ್ದರೆ, ಸೈಕಲ್ಲನ್ನೇ ಅವರ ಮೈಗೆ ತಕ್ಕ ಹಾಗೆ ಬಗ್ಗಿಸಿಕೊಡುತ್ತಿದ್ದ. ಅಂಥ ವಿಚಿತ್ರ ಗಾಡಿಗಳನ್ನು ನಾನು ಎಡವಿ ಬೈಯದ ದಿನವಿಲ್ಲ.

ಪಕ್ಕದ ಮನೆಯ ಹುಡುಗಿ ಫಾರ್ಡೌ ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಜಾರಲು ಕಲಿತದ್ದು ನಮ್ಮ ಅಡುಗೆಮನೆಯ ಕುರ್ಚಿ ತಳ್ಳುತ್ತಾ. ನಮ್ಮ ಈ ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ ನಾವೆಲ್ಲ ಕಲಿತದ್ದು ಹಾಗೇ. ಇಪ್ಪತ್ತಾರನೇ ವಯಸ್ಸಿನಲ್ಲಿ ಅಪಘಾತವಾಗಿ ಅವಳ ಕಾಲುಗಳ ಸ್ವಾಧೀನ ಹೋಯಿತು. ಆಮೇಲೆ ಆರು ಚಳಿಗಾಲ ನೀರು ಸರಿಯಾಗಿ ಗಟ್ಟಿಯಾಗಲೇ ಇಲ್ಲ. ಏಳನೆಯದರಲ್ಲಿ ಆಯಿತು. ಹನ್ನೆರಡು ಕಿಲೋಮೀಟರಿನ ಜಾರಾಟ ಇಟ್ಟರು. ವೀಬ್ರನ್ ಎರಡೇ ದಿನದಲ್ಲಿ ಅವಳಿಗೊಂದು ಬಂಡಿ ಮಾಡಿದ: ಸೈಕಲ್ ಕೊಳವೆಗಳ ಚೌಕಟ್ಟು, ಅಡಿಯಲ್ಲಿ ಸ್ಕೇಟಿನ ಅಲಗು, ಮಂಜುಗಡ್ಡೆಗೆ ಕುತ್ತಿ ಮುಂದೆ ಹೋಗಲು ಮೊಳೆ ತುದಿಯ ಎರಡು ಕೋಲು. ಸುಸ್ತಾದರೆ ಯಾರಾದರೂ ತಳ್ಳಲಿ ಅಂತ ಹಿಂದೊಂದು ಹಿಡಿಯನ್ನೂ ಬೆಸೆದ.

ಕುರ್ಚಿ ತಳ್ಳಿಯೇ ಬೆಳೆದ ಜನ ನಾವು. ಹಿಡಿ ಕಂಡರೆ ಕೈ ಸುಮ್ಮನಿರುತ್ತದೆಯೇ?

ಜಾರುವವರ ಚೀಟಿಗೆ ದಾರಿಯುದ್ದಕ್ಕೂ ಮುದ್ರೆ ಒತ್ತುತ್ತಾರೆ; ಕೊನೆಯ ಮುದ್ರೆ ಒತ್ತುವ ಮೇಜು ನನ್ನದು. ಮಧ್ಯಾಹ್ನ ಫಾರ್ಡೌ ಬಂದಳು, ಹಿಂದೆ ಬೇಕರಿಯವನು ಊನೆ ತಳ್ಳಿಕೊಂಡು.

"ಭೇಷ್ ಹುಡುಗಿ! ಕೊಡು ಚೀಟಿ," ಅಂದೆ.

"ಬೇಡ ಅತ್ತೆ. ನಾನೆಲ್ಲಿ ಬಂದೆ? ಸಾಮಾನು ಸಾಗಿಸ್ದಂಗೆ ಸಾಗಿಸಿದ್ರು. ಬೇಡ ಅಂದ್ರೂ ಕೇಳಲ್ಲ, ಒಬ್ರು ಬಿಟ್ರೆ ಇನ್ನೊಬ್ರು." ಅತ್ತೇಬಿಟ್ಟಳು.

ನಾಳೆ ಮಧ್ಯಾಹ್ನದಿಂದ ಮಂಜುಗಡ್ಡೆ ಕರಗುತ್ತದೆಂದು ರೇಡಿಯೋ ಹೇಳಿತ್ತು. ಮತ್ತೆ ಎಷ್ಟು ವರ್ಷ ಕಾಯಬೇಕೋ.

ಹಿಡಿಯನ್ನೇ ಕತ್ತರಿಸಲು ವೀಬ್ರನ್ ಗರಗಸ ತಂದ. "ತಪ್ಪು ನಂದೇ ಮಗಾ."

"ಸೇತುವೆ ಹತ್ರ ಏನ್ ಮಾಡ್ತೀರಿ?" ಅಂದೆ. ಸೇತುವೆಯಡಿ ನೀರು ಗಟ್ಟಿಯಾಗುವುದಿಲ್ಲ. ದಂಡೆ ಹತ್ತಿ, ಹಾಸಿದ ಹಳೇ ಜಮಖಾನದ ಮೇಲೆ ದಾಟಬೇಕು. ಅಲ್ಲಿ ತಳ್ಳುವವರು ಬೇಕೇ ಬೇಕು.

ಅವನು ಹಿಡಿಯನ್ನು ಕತ್ತರಿಸಿ, ಸಿಕ್ಕಿಸಿ ತೆಗೆಯುವ ಹಾಗೆ ಮಾಡಿ ಅವಳ ಮಡಿಲಲ್ಲಿಟ್ಟ. "ಯಾರಿಗೆ ಯಾವಾಗ ಕೊಡ್ಬೇಕು, ನೀನೇ ನೋಡ್ಕೋ."

ಮರುದಿನ ಬೆಳಿಗ್ಗೆ ಅದೇ ದಾರಿಗೆ ಅವಳೊಬ್ಬಳೇ ಮತ್ತೆ ಹೊರಟಳು. ನಾನು ಮೇಜು ಹಾಕಿಕೊಂಡು ಕೂತೆ. ಹನ್ನೊಂದಾಯಿತು, ಮಂಜುಗಡ್ಡೆಯ ಮೇಲೆ ನೀರು ಮಿನುಗತೊಡಗಿತು. ಕೊನೆಗೆ ತಿರುವಿನಲ್ಲಿ ಅವಳ ಕೆಂಪು ಟೋಪಿ ಕಂಡಿತು. ಊನೆ ಓಡಿಹೋಗಿ ಬಂಡಿಯ ಹಿಂದೆ ತಡಕಾಡಿದ, ಏನೂ ಸಿಗದೆ ಕೈಗಳನ್ನು ಜೇಬಿಗೆ ಹಾಕಿಕೊಂಡ.

ಸೇತುವೆಯ ಬಳಿ ಅವಳು ಹಿಡಿಯನ್ನು ವೀಬ್ರನ್‌ಗೆ ಚಾಚಿದಳು. "ಇಷ್ಟು ಮಾತ್ರ, ಮಾಮ." ಅವನು ದಾಟಿಸಿ ಆಚೆ ಇಳಿಸಿದ. ಇಳಿಸಿದವನು ಬಿಡಲೇ ಇಲ್ಲ. ಅವಳು ಹಿಂದಕ್ಕೆ ಕೈ ಚಾಚಿ ಕಾದಳು. ಅವನು ಮೆಲ್ಲಗೆ ಹಿಡಿ ಕಳಚಿ ಅವಳ ಕೈಗಿಟ್ಟ.

ಉಳಿದ ನೂರು ಮೀಟರು ಅವಳು ನೀರು ಚಿಮ್ಮಿಸುತ್ತಾ ಬಂದು ಚೀಟಿ ಚಾಚಿದಳು. ಅವಸರದಲ್ಲಿ ಒತ್ತಿದ ಮುದ್ರೆ ಸೊಟ್ಟಗೆ ಬಿತ್ತು.

ವೀಬ್ರನ್ ಕಣ್ಣೊರೆಸಿಕೊಳ್ಳುತ್ತಾ ಬಂದ. "ಒಂದ್ಸಲಾನೂ ತಿರುಗಿ ನೋಡ್ಲಿಲ್ಲ ಕಣೇ," ಅಂದ. ಅಷ್ಟು ಖುಷಿಯಾಗಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.