ಮಿಂಚಿನ ನೆತ್ತಿಯ ಕೆಂಪು

ಉಪ್ಪಳದ ಜೊಕಿಮನದು ಮದುವೆ ವಿಡಿಯೊ ತೆಗೆಯುವ ಕಸುಬು. ಮದುಮಗಳ ಮೊಡವೆಯಿಂದ ಹಿಡಿದು ಮಾವನ ಆಕಳಿಕೆಯವರೆಗೆ ಬೇಡದ್ದನ್ನೆಲ್ಲ ಅಳಿಸಿ ಚಂದ ಮಾಡಿಕೊಡುವುದರಲ್ಲಿ ಎತ್ತಿದ ಕೈ. ಒಮ್ಮೆ ಕಡಲ ಬದಿಯ ಚಪ್ಪರದಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರವನ್ನು ಚಿತ್ರೀಕರಿಸಿದ್ದ. ದೂರದ ಮೋಡದ ಮೇಲೆ, ಒಂದೇ ಒಂದು ಫ್ರೇಮಿನಲ್ಲಿ ಕೆಂಪು ಕಲೆ. ಕ್ಯಾಮರಾದ ದೋಷವೆಂದು ಅದನ್ನೂ ಅಳಿಸಿದ, ಪುಣ್ಯಾತ್ಮ!

ಭೌತಶಾಸ್ತ್ರ ಓದಿದ ಅಣ್ಣನ ಮಗಳು ಮೆರ್ಲಿನ್ ಕೇಳಿ ತಲೆ ಚಚ್ಚಿಕೊಂಡಳು. "ಅಯ್ಯೋ, ಅಳಿಸಿದ್ರಾ? ಅದು ಸ್ಪ್ರೈಟ್! ದೊಡ್ಡ ಮಿಂಚು ನೆಲಕ್ಕೆ ಬಡಿದ ಕೂಡಲೇ ಮೋಡಕ್ಕಿಂತ ಎಷ್ಟೋ ಮೇಲೆ, ಗಾಳಿ ತೆಳ್ಳಗಿರುವಲ್ಲಿ ಕೆಂಪಗೆ ಹೊಳೆಯುತ್ತದೆ. ಬೇರು ಇಳಿಬಿಟ್ಟ ಹಾಗೆ. ರೆಪ್ಪೆ ಬಡಿಯುವುದರೊಳಗೆ ಮಾಯ. ಕೆಲವು ಮಿಂಚು ಗಾಮಾ ಕಿರಣವನ್ನೂ ಚಿಮ್ಮಿಸುವುದುಂಟು. ಅದು ಕಣ್ಣಿಗೆ ಕಾಣುವುದಿಲ್ಲ, ಉಪಗ್ರಹ ಹಿಡಿಯುತ್ತದೆ."

ಅಲ್ಲಿಂದ ಹಿಡಿಯಿತು ನೋಡಿ ಹುಚ್ಚು. ಸಿಡಿಲಿನ ಕಾಲ ಬಂತೆಂದರೆ ಮನುಷ್ಯ ತಾರಸಿಯಲ್ಲೇ. ಒಂದು ಸಲ, ಒಂದೇ ಸಲ ಆ ಕೆಂಪನ್ನು ಸ್ವಂತ ಕಣ್ಣಿನಿಂದ ಕಾಣಬೇಕು. ಆದರೆ ಗ್ಲಾಕೋಮಾ ಅಂಚಿನಿಂದ ದೃಷ್ಟಿ ತಿನ್ನುತ್ತ ಬಂದು, ಈಗ ಉಳಿದದ್ದು ಬೀಗದ ತೂತಿನಷ್ಟು ಮಂಕು ಬೆಳಕು. ಹೋದದ್ದು ಬರುವುದಿಲ್ಲವೆಂದು ಮಂಗಳೂರಿನ ಡಾಕ್ಟರು ಹೇಳಿಯಾಗಿತ್ತು. ಪರದೆಯೇ ಕಾಣದ ಮೇಲೆ ಕ್ಯಾಮರಾವನ್ನೂ ಯಾರಿಗೋ ಕೊಟ್ಟುಬಿಟ್ಟ.

"ಕಾಣದ್ದನ್ನು ಹಿಡಿಯಲಿಕ್ಕೆ ಉಪಗ್ರಹ ಉಂಟು. ಕಾಣುವುದನ್ನು ಕಾಣಲಿಕ್ಕೆ ನನಗೆ ಕಣ್ಣಿಲ್ಲ," ಎಂದು ನಗುತ್ತಿದ್ದ. 

ಹೆಂಡತಿ ಉರ್ಸುಲಾಳಿಗೋ ಮಿಂಚೆಂದರೆ ಸಣ್ಣಂದಿನಿಂದ ಜೀವಭಯ. ಮೋಡ ಕಟ್ಟಿದರೆ ಸಾಕು, ಕಿಟಕಿ ಮುಚ್ಚಿ, ಇಗರ್ಜಿಯಲ್ಲಿ ಮಂತ್ರಿಸಿ ಕೊಟ್ಟ ತೆಂಗಿನ ಗರಿಯ ತುಂಡು ಸುಟ್ಟು ಹೊಗೆ ಹಾಕುವವಳು.

ಈ ಮೇ ತಿಂಗಳ ಒಂದು ಸಂಜೆ, ಕತ್ತಲಾದ ಮೇಲೆ, ಗುಡುಗಿನ ಸದ್ದೂ ಕೇಳದಷ್ಟು ದೂರದ ಕಡಲಲ್ಲಿ ಮಿಂಚತೊಡಗಿತು.

"ಇವತ್ತೊಂದು ದಿನ ನನ್ನ ಕಣ್ಣಾಗು ಮಾರಾಯ್ತಿ. ನೀನು ಕಂಡು ಹೇಳಿದರೆ ನಾನು ಕಂಡ ಹಾಗೆಯೇ."

ಅವಳು ತಾರಸಿಗೆ ಬಂದಳು, ಪಾಪ, ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡು.

"ಮೋಡ ನೋಡಬೇಡ, ಅದರ ನೆತ್ತಿಯ ಮೇಲೆ ನೋಡು. ಕಂಡಿತಾ?"

"ಇಲ್ಲ."

"ಈಗ?"

"ಇಲ್ಲ ಅಂದೆನಲ್ಲ."

ಆಮೇಲೆ ಬಂದ ಮಿಂಚು ಎಷ್ಟು ದೊಡ್ಡದೆಂದರೆ ಅವನ ಬೀಗದ ತೂತೂ ಒಮ್ಮೆ ಬೆಳ್ಳಗಾಯಿತು. ಅದೇ ಕ್ಷಣಕ್ಕೆ ತೋಳಿನ ಮೇಲಿದ್ದ ಅವಳ ಕೈ ಇಲ್ಲ. ಆ ಕೈ ಎಲ್ಲಿಗೆ ಹೋಯಿತೆಂದು ಅವನಿಗೆ ಗೊತ್ತು. ಹಣೆಗೆ, ಎದೆಗೆ, ಭುಜಕ್ಕೆ. ಶಿಲುಬೆಯ ಗುರುತು ಹಾಕುವಾಗ ಉರ್ಸುಲಾ ಕಣ್ಣು ಮುಚ್ಚುತ್ತಾಳೆ.

"ಪ್ರತಿ ಸಲವೂ ಮುಚ್ಚಿದೆಯಾ?"

"ನಾನೆಂತ ಮಾಡಲಿ, ಅದಾಗಿ ಮುಚ್ಚುತ್ತದೆ," ಎಂದು ಅವಳು ಅತ್ತೇ ಬಿಟ್ಟಳು.

ಆ ಕೆಂಪು ಬರುವುದೇ ಮಿಂಚಿನ ಬೆನ್ನಿಗೆ. ಇನ್ನು ಯಾವ ಸಿಡಿಲು ಬಂದೂ ಪ್ರಯೋಜನವಿಲ್ಲವೆಂದು ಅವನಿಗೆ ಅರ್ಥವಾಯಿತು. ಬಯ್ಯಬೇಕೆನಿಸಿತು. ಬದಲಿಗೆ ತಡಕಾಡಿ ಅವಳ ಕೈ ಹಿಡಿದುಕೊಂಡ.

"ಬಾ, ಒಳಗೆ ಹೋಗುವ."

ಮೆಟ್ಟಿಲಿಳಿಯುವಾಗ ಹಿಂದೆ ಮತ್ತೊಮ್ಮೆ ಮಿಂಚಿತು. ಅವಳು ತಲೆ ತಗ್ಗಿಸಿದಳು. ತಿರುಗಿ ನೋಡಿದವನು ಜೊಕಿಮನೊಬ್ಬನೇ.