ಅಂಟು ನೆನೆಯಬೇಕು

ಇವತ್ತು ಬೆಳಗ್ಗೆ ಎದುರು ಮನೆಯ ಎಂಜಿನಿಯರರು ತಮ್ಮ ಹೊಸ ಕಾರಿನ ಬಾನೆಟ್ಟಿನ ಮೇಲೆ ಸೀಸೆಯೊಂದರಿಂದ ಏನನ್ನೋ ಸಿಂಪಡಿಸಿ ಉಜ್ಜುತ್ತಿದ್ದರು. ಬೇವಿನ ಮರದಿಂದ ಬಿದ್ದ ಅಂಟು ತೆಗೆಯುವ ಔಷಧವಂತೆ, ಆನ್‌ಲೈನಿನಲ್ಲಿ ತರಿಸಿದ್ದಂತೆ. ಅದರ ವಾಸನೆ ರಸ್ತೆ ದಾಟಿ ನನ್ನ ಚಹಾದ ಕಪ್ಪಿನವರೆಗೂ ಬಂತು. ಸೀಮೆಎಣ್ಣೆಗೆ ಅತ್ತರು ಬೆರೆಸಿದ ಹಾಗಿತ್ತು. ಅಂಟು ಹೋಗಿರಲಿಲ್ಲ, ಬಾನೆಟ್ಟಿನ ತುಂಬ ಹರಡಿಕೊಂಡಿತ್ತು. ನನಗೆ ನಗು ಬಂತು. ನಕ್ಕಿದ್ದು ಅವರನ್ನು ನೋಡಿ ಎಂದುಕೊಳ್ಳಬೇಡಿ. ಈ ವಿದ್ಯೆಯಲ್ಲಿ ನಾನು ಅವರಿಗಿಂತ ನಲವತ್ತು ವರ್ಷ ಹಿರಿಯ ದಡ್ಡ.

ನಮ್ಮಪ್ಪ ದೇವದುರ್ಗದಲ್ಲಿ ಉಣ್ಣೆಯ ವ್ಯಾಪಾರಿ. ಕುರಿ ಕಾಯ್ದ ಮನೆತನ. ಅಪ್ಪನ ಕಾಲಕ್ಕೆ ಕುರಿಗಳು ಹೋಗಿ ಉಣ್ಣೆ ಉಳಿದಿತ್ತು. ರಾಯಚೂರಿನ ವಕೀಲರೊಬ್ಬರು ಓಡಿಸಿ ಬಿಟ್ಟ ಕಪ್ಪು ಅಂಬಾಸಿಡರ್ ಕಾರನ್ನು ಅವನು ಕೊಂಡು ತಂದ. ದಿನಾ ಕಂಬಳಿ ತುಂಡಿನಿಂದ ಅದನ್ನು ತಿಕ್ಕುತ್ತಿದ್ದ, ಆಮೇಲೆ ಅದರ ಬಾಗಿಲಲ್ಲೇ ಮುಖ ನೋಡಿಕೊಂಡು ರುಮಾಲು ಸುತ್ತಿಕೊಳ್ಳುತ್ತಿದ್ದ. ಮನೆಯಲ್ಲಿ ಕನ್ನಡಿ ಇರಲಿಲ್ಲವೆಂದಲ್ಲ. ಕಾರಿಗೆಂದು ಅಂಗಳದಲ್ಲಿ ತಗಡಿನ ಶೆಡ್ಡನ್ನೂ ಕಟ್ಟಿಸಿದ. ನಾವು ಮಳೆಯಲ್ಲಿ ಸೋರುವ ಮಾಳಿಗೆಯ ಕೆಳಗೆ ಮಲಗುತ್ತಿದ್ದೆವು, ಕಾರು ಒಣ ನೆಲದ ಮೇಲೆ ಮಲಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ನಾನೂ ತಮ್ಮ ಭೀಮಣ್ಣನೂ ಬೇರೆಯಾದೆವು. ಎಪ್ಪತ್ತರ ದಶಕದ ಮಧ್ಯದ ಮಾತು. ಹಿಸ್ಸೆ ಮಾಡಲು ಕೂತ ಐದು ಜನ ಹಿರಿಯರ ನ್ಯಾಯಬುದ್ಧಿಯನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಕಾರು ದೊಡ್ಡವನಿಗೆ, ಶೆಡ್ಡು ಸಣ್ಣವನಿಗೆ ಎಂದು ತೀರ್ಪು ಕೊಟ್ಟು, ಯಾರಿಗೂ ಅನ್ಯಾಯವಾಗಲಿಲ್ಲವೆಂಬ ಸಮಾಧಾನದಲ್ಲಿ ಊಟ ಮಾಡಿ ಹೋದರು. ಅಂಗಳದ ನಡುವೆ ಗೋಡೆ ಎದ್ದಿತು. ಕಾರನ್ನು ಶೆಡ್ಡಿನಲ್ಲಿಡಲು ನಾನು ಕೇಳಬೇಕಿತ್ತು, ಕೇಳಲಿಲ್ಲ. ಇಡು ಎಂದು ಅವನು ಅನ್ನಬೇಕಿತ್ತು, ಅನ್ನಲಿಲ್ಲ. ನಮ್ಮ ಜಗಳ ಇಷ್ಟೇ. ಇದರ ಬಂಡವಾಳದ ಮೇಲೆ ಏಳು ವರ್ಷ ಮಾತು ಬಿಟ್ಟೆವು. ಅವನು ಖಾಲಿ ಶೆಡ್ಡಿಗೆ ಬೀಗ ಹಾಕಿದ. ನಾನು ಕಾರನ್ನು ಗೋಡೆಯ ಈಚೆ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಮರದ ಬುಡ ಅವನ ಕಡೆ, ದೊಡ್ಡದೊಂದು ಕೊಂಬೆ ನನ್ನ ಕಡೆ.

ಆ ಕೊಂಬೆಯಿಂದ ಅಂಟು ಬಿತ್ತು. ವರ್ಷ ಕಳೆಯುವುದರಲ್ಲಿ ಬಾನೆಟ್ಟಿನ ಮೇಲೆ ಕಂದು ಹನಿಗಳು ಗಟ್ಟಿಯಾಗಿ ಕೂತವು. ಅವುಗಳ ಮೇಲೆ ಧೂಳು, ಎಲೆ, ಕಾಗೆಯ ಹಿಕ್ಕೆ. ಉಳಿದ ಕೆಲಸವನ್ನು ನಮ್ಮ ಸೀಮೆಯ ಬಿಸಿಲು ಮಾಡಿತು. ಅಪ್ಪ ಮುಖ ನೋಡಿಕೊಳ್ಳುತ್ತಿದ್ದ ಕಪ್ಪು ಬಣ್ಣ ಬೂದಿಗೆ ತಿರುಗಿ, ಬೆರಳಾಡಿಸಿದರೆ ಸುಣ್ಣದ ಗೋಡೆಯ ಹಾಗೆ ಪುಡಿ ಹತ್ತುತ್ತಿತ್ತು. ವಾರಕ್ಕೊಮ್ಮೆ ನಾನು ಬಸ್ ಸ್ಟ್ಯಾಂಡಿನ ತನಕ ಓಡಿಸಿ ತರುತ್ತಿದ್ದೆನಾದ್ದರಿಂದ ಕಾರು ಓಡುತ್ತಿತ್ತು, ನೋಡಲು ಮಾತ್ರ ಆಗುತ್ತಿರಲಿಲ್ಲ.

ಇದು ಭೀಮಣ್ಣನ ಕಿತಾಪತಿ ಎಂದು ನಾನು ತೀರ್ಮಾನಿಸಿದೆ. ಸಾಕ್ಷಿ ಬೇಕಲ್ಲ? ಅವನು ದಿನಾ ಬೆಳಗ್ಗೆ ಬೇವಿನ ಕಡ್ಡಿ ಮುರಿದು ಹಲ್ಲುಜ್ಜುತ್ತಿದ್ದ. ಊರಿನ ಅರ್ಧ ಜನ ಹಾಗೇ ಉಜ್ಜುತ್ತಿದ್ದರು, ಆದರೆ ಇವನು ಮುರಿಯುವ ರೀತಿಯಲ್ಲಿ ದುರುದ್ದೇಶವಿತ್ತು. ಮರಕ್ಕೆ ಗಾಯ ಮಾಡಿ ನನ್ನ ಕಾರಿನ ಮೇಲೆ ಅಂಟು ಸುರಿಸುತ್ತಾನೆಂದು ನಾನು ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಏಳು ವರ್ಷ ವ್ಯಾಖ್ಯಾನ ಮಾಡಿದೆ. ನಾನು ಅಲ್ಲಿ ವಿಜ್ಞಾನದ ಮಾಸ್ತರ, ಜನ ನಂಬುತ್ತಿದ್ದರು.

ಏಳನೆಯ ವರ್ಷ ಭೀಮಣ್ಣನ ಮಗಳು ಸರೋಜಾಳಿಗೆ ಮಾನ್ವಿಯ ವರ ಗೊತ್ತಾದ. ಮಕ್ಕಳಿಗೆ ಗೋಡೆಯ ಲೆಕ್ಕವಿರಲಿಲ್ಲ, ಅವಳು ನಮ್ಮ ಮನೆಗೆ ಬಂದು ಹೋಗಿ ಮಾಡುತ್ತಿದ್ದಳು. ಒಂದು ದಿನ ಕಾರಿನ ಹತ್ತಿರ ನಿಂತು, "ದೊಡ್ಡಪ್ಪ, ಅಜ್ಜ ನನ್ನ ಇದರಾಗಽ ಗಂಡನ ಮನಿಗೆ ಕಳಸ್ತೀನಿ ಅಂತಿದ್ದ. ಈಗ ನೀವು ಕಳಸ್ತೀರೇನ್ರಿ?" ಎಂದು ಕೇಳಿದಳು. ನೋಡೋಣ ಎಂದೆ. ಹಿರಿಯರು ಹೆದರಿದಾಗ ಆಡುವ ಮಾತು ಅದು. ಅವಳು ಬಾನೆಟ್ಟಿನ ಮೇಲೆ ಬೆರಳೆಳೆದು, ಹತ್ತಿದ ಪುಡಿಯನ್ನು ನೋಡಿ, ನನಗೆ ಕಾಣದ ಹಾಗೆ ಸೆರಗಿಗೆ ಒರೆಸಿಕೊಂಡು, ಹೀಗಿದ್ದರೂ ನಡೆಯುತ್ತದೆ ಅಂದಳು. ನನಗೆ ಹೆಣ್ಣುಮಕ್ಕಳಿಲ್ಲ. ಆ ಹುಡುಗಿಯನ್ನು ಕಳಿಸಿಕೊಡುವಾಗ ನಾನು ಅಲ್ಲಿರಬೇಕೆಂಬ ಆಸೆ ನನಗೆ ಬಹಳ ಇತ್ತು.

ಆದರೆ ಹೋಗಬೇಕಾದರೆ ಕರೆಯಬೇಕು. ಗಂಡ ಹೆಂಡಿರು ಮನೆಗೆ ಬಂದು, ಕುಂಕುಮ ಹಚ್ಚಿ, ಅಕ್ಷತೆಯ ಜೊತೆ ಲಗ್ನಪತ್ರಿಕೆ ಕೈಗಿಟ್ಟು ಬರ್ರಿ ಅನ್ನಬೇಕು. ಪತ್ರಿಕೆ ಅಚ್ಚಾಗಿ ಬಂತು. ಊರೆಲ್ಲ ಹಂಚಿದರು. ನಾನು ದಿನಾ ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಯುತ್ತಿಲ್ಲವೆಂಬಂತೆ ಕಟ್ಟೆಯ ಮೇಲೆ ಕೂತು ಕಾದೆ. ಬರಲಿಲ್ಲ. ಹೋಗಿ ಕೇಳಬಾರದೇ ಎಂದ ಹೆಂಡತಿಗೆ ಬೈದೆ. ಇದರ ಮೇಲೆ ಹೆಡ್‌ಮಾಸ್ತರರು ಎದುರು ಸಿಕ್ಕು, ನಿಮ್ಮ ಪತ್ರಿಕೆ ಬಂತು ಮಾಸ್ತರ್ರೇ, ತಪ್ಪದೆ ಬರುತ್ತೇವೆ ಎಂದು ನಕ್ಕರು. ನನ್ನನ್ನು ಬಿಟ್ಟು ಊರನ್ನೇ ಕರೆದಿದ್ದಾನೆ, ಇವರು ಬೇರೆ ಗಾಯಕ್ಕೆ ಉಪ್ಪು ಹಚ್ಚುತ್ತಾರೆ ಎಂದು ಎರಡು ದಿನ ಅವರಿಗೆ ನಮಸ್ಕಾರ ಬಿಟ್ಟೆ.

ಕೊನೆಗೆ ಒಂದು ಘನವಾದ ಸೇಡಿನ ಯೋಜನೆ ಹೊಳೆಯಿತು. ಕಾರನ್ನು ಫಳಫಳ ಮಾಡಿ ಮದುವೆಗೆ ಕಳಿಸುವುದು, ನಾನು ಮಾತ್ರ ಹೋಗದಿರುವುದು. ಎಲ್ಲರೂ ಕಾರು ನೋಡಿ ನನ್ನ ದೊಡ್ಡತನ ನೆನೆದು ಕಣ್ಣೀರಿಡಬೇಕು, ಭೀಮಣ್ಣ ಎಲ್ಲರಿಗಿಂತ ಹೆಚ್ಚು ಇಡಬೇಕು. ಮದುವೆಗೆ ಎಂಟು ದಿನವಿತ್ತು. ಮೊದಲು ಸಾಬೂನು ಹಚ್ಚಿದೆ, ಧೂಳು ಹೋಯಿತು, ಅಂಟು ಇನ್ನಷ್ಟು ಚೆನ್ನಾಗಿ ಕಂಡಿತು. ಸೀಮೆಎಣ್ಣೆ ಹಾಕಿ ಉಜ್ಜಿದೆ, ಬೀದಿಯೆಲ್ಲ ಸ್ಟೋವಿನ ವಾಸನೆ ಬಂತು. ಹೆಂಡತಿಯ ಸಲಹೆಯಂತೆ ತಾಮ್ರದ ಹಂಡೆಗೆ ಹಚ್ಚುವ ಹುಣಸೆಹಣ್ಣು, ಬೂದಿಯನ್ನೂ ಹಚ್ಚಿದೆ. ಕೊನೆಗೆ ಗಡ್ಡ ಕೆರೆಯುವ ಬ್ಲೇಡು ತೆಗೆದುಕೊಂಡು ಕೆರೆದೆ. ಅಂಟಿನ ಜೊತೆ ಬಣ್ಣವೂ ಎದ್ದು ಬಂತು, ಬಾನೆಟ್ಟಿನ ಮೇಲೆ ಉದ್ದುದ್ದ ಗೆರೆ ಬಿದ್ದವು. ಯಾವ ಪದಾರ್ಥ ಯಾವುದರಲ್ಲಿ ಕರಗುತ್ತದೆ ಎಂಬ ಪಾಠವನ್ನು ಎಂಟನೆಯ ಇಯತ್ತೆಗೆ ಹದಿನಾಲ್ಕು ವರ್ಷ ಕಲಿಸಿದವನು ನಾನು.

ಗಾಬರಿಯಾಗಿ ರಾಯಚೂರಿಗೆ ಬಸ್ಸು ಹತ್ತಿ, ಕಾರುಗಳಿಗೆ ಬಣ್ಣ ಹಚ್ಚುವ ಖಾಸೀಂ ಮಿಸ್ತ್ರಿಯನ್ನು ಕರೆತಂದೆ. ಅವನು ಕಾರಿನ ಸುತ್ತ ಎರಡು ಸಲ ತಿರುಗಿ, ಬಣ್ಣ ಸತ್ತಿಲ್ಲ, ಮೇಲಿನ ಪೊರೆ ಒಣಗಿದೆ, ತಿಕ್ಕಿದರೆ ಎದ್ದೇಳುತ್ತದೆ ಎಂದ. ಆದರೆ ಅಂಟು ಎಲ್ಲಿಂದ ಇಷ್ಟು ಬಿತ್ತು ಎಂದು ಕೇಳಿದ. ಸಿಕ್ಕಿತು ಸಂದರ್ಭ ಎಂದು ನಾನು ಗೋಡೆಯಾಚೆಗೂ ಕೇಳುವ ದನಿಯಲ್ಲಿ, ಕೆಲವರು ಮರಕ್ಕೆ ಮಾಡಿದ ಗಾಯದಿಂದ ಎಂದೆ. ಮಿಸ್ತ್ರಿ ಸ್ಟೂಲು ಹತ್ತಿ ಕೊಂಬೆಯನ್ನು ಕೈಯಿಂದ ತಡವಿದ.

"ಮಾಸ್ತರ್ರ, ಇಲ್ಲಿ ಐದು ಮೊಳಿ ಹೊಡದಾರ. ಮೊಳಿ ಇದ್ದಲ್ಲೆಲ್ಲ ಅಂಟು ಇಳದದ. ಯಾರು ಹೊಡದದ್ರಿ ಇವನ್ನ?"

ಮೊದಲ ವರ್ಷ ಕಾರಿನ ಮೇಲೆ ತಾಡಪತ್ರಿ ಕಟ್ಟಲೆಂದು ಆ ಕೊಂಬೆಗೆ ಐದು ದಪ್ಪ ಮೊಳೆ ಹೊಡೆದವನು ನಾನೇ. ತಾಡಪತ್ರಿ ಮೊದಲ ಗಾಳಿಗೇ ಹರಿದು ಹೋಗಿತ್ತು, ಮೊಳೆಗಳನ್ನು ಮರೆತಿದ್ದೆ.

ಗೋಡೆಯಾಚೆ ಬಕೆಟ್ಟಿನ ಸಪ್ಪಳವಾಯಿತು. ಸ್ವಲ್ಪ ಹೊತ್ತಿಗೆ ಭೀಮಣ್ಣ ಬಿಸಿನೀರಿನ ಬಕೆಟ್ಟು, ಹಳೆಯ ಧೋತರದ ತುಂಡುಗಳನ್ನು ಹಿಡಿದು ನಮ್ಮ ಅಂಗಳಕ್ಕೆ ಬಂದ. ಏಳು ವರ್ಷದ ನಂತರ ನನ್ನೊಡನೆ ಆಡಿದ ಮೊದಲ ಮಾತು ಇದು: "ಆ ಬ್ಲೇಡ್ ಒಳಗಿಡು. ಅಂಟು ನೆನೀಬೇಕು."

ಅವನು ಅಂಚೆ ಕಚೇರಿಯಲ್ಲಿ ಗುಮಾಸ್ತ. ಲಕೋಟೆ ಅಂಟಿಸಲು ಮರದ ಅಂಟನ್ನು ನೀರಿನಲ್ಲಿ ಹಾಕಿ ಕರಗಿಸುವುದು ಅವನ ದಿನದ ಕೆಲಸ. ಎಣ್ಣೆಗೆ ಬಗ್ಗದ್ದು ಬರೀ ನೀರಿಗೆ ಬಗ್ಗುತ್ತದೆಂದು ವಿಜ್ಞಾನದ ಮಾಸ್ತರನಿಗೆ ಗುಮಾಸ್ತ ಕಲಿಸಿದ. ಬಟ್ಟೆ ಅದ್ದಿ ಹನಿಗಳ ಮೇಲೆ ಹಾಸಿ ಅರ್ಧ ಗಂಟೆ ಒತ್ತಿ ಹಿಡಿಯಬೇಕು, ಆರಿದರೆ ಮತ್ತೆ ಅದ್ದಬೇಕು. ಬಾನೆಟ್ಟಿನ ಆಚೆ ಅವನು, ಈಚೆ ನಾನು. ಮಿಸ್ತ್ರಿ ಚಹಾ ಕುಡಿಯುವ ನೆಪದಲ್ಲಿ ಒಳಗೆ ಹೋದ. ಇಬ್ಬರ ಕೈಯೂ ಬಟ್ಟೆಯ ಮೇಲೆ, ಎದ್ದು ಹೋಗುವಂತಿಲ್ಲ. ನೆನೆಯುವುದು ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥವಿದೆಯಲ್ಲ, ಆವತ್ತು ಎರಡೂ ನಡೆದವು.

ಮೊಳೆ ನನ್ನವೇ ಎಂದು ನಾನು ಒಪ್ಪಿಕೊಂಡೆ. ಗೊತ್ತು, ಹೊಡೆಯುವಾಗಲೇ ನೋಡಿದ್ದೆ ಅಂದ. ಹಾಗಾದರೆ ಆಗಲೇ ಹೇಳಬಾರದಿತ್ತೇ ಎಂದರೆ, "ಹೇಳಬೇಕಂದ್ರ ಮೊದಲ ನಾನಽ ಮಾತಾಡಬೇಕಾಗಿತ್ತಲ್ಲ" ಎಂದು ಬಟ್ಟೆ ಹಿಂಡಿದ. ನನ್ನ ತಮ್ಮನೇ ಹೌದು, ಅನುಮಾನವಿಲ್ಲ. ಆ ಸಲಿಗೆಯಲ್ಲಿ ಒಳಗಿನದು ಹೊರಗೆ ಬಂತು. ಮೊಳೆಯ ತಪ್ಪು ನನ್ನದು ಸರಿ, ಊರಿಗೆಲ್ಲ ಪತ್ರಿಕೆ ಕೊಟ್ಟು ನನಗೊಬ್ಬನಿಗೆ ಯಾಕೆ ಕೊಡಲಿಲ್ಲ ಎಂದು ಕೇಳಿಯೇಬಿಟ್ಟೆ.

ಅವನು ನನ್ನ ಮುಖವನ್ನೇ ನೋಡಿದ. ಒದ್ದೆ ಕೈಯನ್ನು ಅಂಗಿಗೆ ಒರೆಸಿ, ಜೇಬಿನಿಂದ ಪತ್ರಿಕೆ ತೆಗೆದು ಕೊಟ್ಟ. ಓದಿದೆ. 'ನನ್ನ ತಮ್ಮನ ಮಗಳಾದ ಚಿ. ಸರೋಜಾಳ ವಿವಾಹ' ಎಂದು ಶುರುವಾಗಿತ್ತು. ಕೆಳಗೆ, ಬರಮಾಡಿಕೊಳ್ಳುವವರ ಜಾಗದಲ್ಲಿ ಒಂದೇ ಹೆಸರು, ನನ್ನದು.

"ಕರಿಯಾಂವ ನೀನು," ಅಂದ ಭೀಮಣ್ಣ. "ನಿನ್ನ ಯಾರು ಕರೀಬೇಕು?"

ನಾನು ಅತ್ತೆ. ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಒದ್ದೆ ಬಟ್ಟೆ ಕೈಯಲ್ಲೇ ಇತ್ತು, ಅದರಲ್ಲೇ ಮುಖ ಒರೆಸಿಕೊಂಡು ಮೂಗಿನ ತುಂಬ ಅಂಟು ಮೆತ್ತಿಕೊಂಡೆ. ಚಹಾ ಮುಗಿಸಿ ಬಂದ ಮಿಸ್ತ್ರಿ ನೋಡಿಯೂ ನೋಡದಂತೆ ಕೆಲಸ ಹಿಡಿದ. ನೀರು ಹಾಕಿ ನಯವಾದ ಮರಳುಕಾಗದದಿಂದ ತಿಕ್ಕಿದ, ರಬ್ಬಿಂಗ್ ಪೇಸ್ಟು ಹಚ್ಚಿ ತಿಕ್ಕಿದ, ಮೇಣ ಹಚ್ಚಿ ತಿಕ್ಕಿದ. ಎರಡನೆಯ ದಿನದ ಹೊತ್ತಿಗೆ ಬೂದಿಯ ಕೆಳಗಿನಿಂದ ಕಪ್ಪು ಎದ್ದು ಬಂತು. ಬ್ಲೇಡಿನ ಗೆರೆಗಳು ಮಾತ್ರ ಹೋಗಲಿಲ್ಲ, ಅವು ಮಾಸ್ತರರ ಅಕ್ಷರ, ಅಳಿಸಲಾಗದು ಎಂದು ಮಿಸ್ತ್ರಿ ಕೈ ತೊಳೆದುಕೊಂಡ. ಮದುವೆಯಾಗಿ ಸರೋಜಾಳನ್ನು ಮಾನ್ವಿಗೆ ಕರೆದೊಯ್ಯುವಾಗ ನಾನೇ ಓಡಿಸಿದೆ, ಭೀಮಣ್ಣ ಪಕ್ಕದಲ್ಲಿ ಕೂತ. ಸಿರವಾರ ದಾಟುವ ತನಕ ನಾನು ಕಾರು ಓಡಿಸುವ ರೀತಿಯಲ್ಲಿ ಅವನು ಹದಿನೆಂಟು ತಪ್ಪು ಹುಡುಕಿದ. ಹಿಂದೆ ಕೂತ ಮದುಮಗಳು ಅಳುವುದು ಬಿಟ್ಟು ನಗುತ್ತಿದ್ದಳು.

ಎದುರು ಮನೆಯ ಎಂಜಿನಿಯರರಿಗೆ ಬಿಸಿನೀರಿನ ವಿಷಯ ಹೇಳಿಬಂದೆ. ಅರ್ಧ ಗಂಟೆ ನಿಲ್ಲಲು ಪುರುಸೊತ್ತಿಲ್ಲವಂತೆ. ಮುಂದಿನ ವಾರ ದೇವದುರ್ಗದಲ್ಲಿ ಭೀಮಣ್ಣನ ಮೊಮ್ಮಗನ ಮದುವೆ. ನಾನು ಈಗಿರುವ ರಾಯಚೂರಿನ ಓಣಿಗೆ ಆರು ಪತ್ರಿಕೆ ಬಂದಿವೆ, ನಮ್ಮ ಮನೆಗೆ ಬಂದಿಲ್ಲ. ಇದೆಂಥ ಸಂಬಂಧ, ಫೋನ್ ಮಾಡಿ ಕೇಳಿ ಎಂದು ಸೊಸೆ ಬೆಳಗಿನಿಂದ ಮುಖ ಸಣ್ಣದು ಮಾಡಿಕೊಂಡಿದ್ದಾಳೆ. ನಾನು ನಾಲ್ಕು ಜೋಡಿ ಬಟ್ಟೆ ಚೀಲಕ್ಕೆ ತುಂಬಿದ್ದೇನೆ, ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ.